ಆ ತ್ರೀ-ಪಾಯಿಂಟರ್ ಎಸೆದಿದ್ದು ಸರೀನಾ? ಬಾಕ್ಸ್ ಸ್ಕೋರ್ ಹಿಡಿದು ಲೆಕ್ಕ ಹಾಕುವ ಬಗೆ

ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಬಗ್ಗೆ ಬರೆದಾಗಲೆಲ್ಲ ಎರಡು ಪ್ರಶ್ನೆ ತಪ್ಪದೆ ಬರುತ್ತವೆ. ಒಂದು ತ್ರೀ-ಪಾಯಿಂಟರ್ ಬಗ್ಗೆ, ಅಂದರೆ ದೂರದ ಗೆರೆಯ ಹೊರಗಿಂದ ಎಸೆದು ಬಿದ್ದರೆ ಎರಡರ ಬದಲು ಮೂರು ಪಾಯಿಂಟ್ ಸಿಗುವ ಶಾಟ್ ಬಗ್ಗೆ: "ನೂರಕ್ಕೆ 36 ಮಾತ್ರ ಬೀಳುತ್ತೆ, 64 ವೇಸ್ಟು, ಆದ್ರೂ ಯಾಕೆ ಎಲ್ಲರೂ ಅಷ್ಟು ದೂರದಿಂದಲೇ ಎಸೀತಾರೆ?" ಇನ್ನೊಂದು, "ಇವನ ಪರ್ಸೆಂಟೇಜ್ ಅವನಿಗಿಂತ ಜಾಸ್ತಿ ಇದೆ, ಹಾಗಾದ್ರೆ ಇವನೇ ಒಳ್ಳೇ ಶೂಟರ್ ಅಲ್ವಾ?" ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಯಿತು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ, ಹಂತ ಹಂತವಾಗಿ ಇಟ್ಟಿದ್ದೇನೆ.

ಬೇಕಾಗಿರೋದು ಇಷ್ಟೇ: ಒಂದು ಮ್ಯಾಚಿನ ಬಾಕ್ಸ್ ಸ್ಕೋರ್, ಮೊಬೈಲಿನ ಕ್ಯಾಲ್ಕುಲೇಟರ್, ಮತ್ತು ಆ ಮ್ಯಾಚಿನ ರೀಪ್ಲೇ. ಬಾಕ್ಸ್ ಸ್ಕೋರ್ ಅಂದರೆ ಕ್ರಿಕೆಟ್ಟಿನ ಸ್ಕೋರ್‌ಕಾರ್ಡ್ ಇದ್ದ ಹಾಗೆ. ಯಾರು ಎಷ್ಟು ಎಸೆದರು, ಎಷ್ಟು ಬಿತ್ತು ಅನ್ನೋ ಪಟ್ಟಿ. ಅದರಲ್ಲಿ 'ಎಫ್‌ಜಿ' ಅಂತ ಇದ್ದರೆ ಫೀಲ್ಡ್ ಗೋಲ್, ಅಂದರೆ ಆಟ ನಡೆಯುತ್ತಿರುವಾಗ ಎಸೆದ ಎಲ್ಲ ಶಾಟ್‌ಗಳು, ಎರಡರದ್ದೂ ಮೂರರದ್ದೂ ಸೇರಿ. '3ಪಿ' ಅಂದರೆ ಅದರೊಳಗಿನ ತ್ರೀಗಳು ಮಾತ್ರ. 'ಎಫ್‌ಟಿ' ಅಂದರೆ ಫ್ರೀ ಥ್ರೋ, ಎದುರಾಳಿ ಫೌಲ್ ಮಾಡಿದಾಗ ಯಾರೂ ಅಡ್ಡ ಬರದೆ ಎಸೆಯಲು ಸಿಗುವ, ಒಂದು ಪಾಯಿಂಟಿನ ಎಸೆತ. "8-17" ಅಂತ ಬರೆದಿದ್ದರೆ 17 ಎಸೆದು 8 ಹಾಕಿದ್ದಾನೆ ಅಂತ ಅರ್ಥ.

1. ಮೊದಲು ಗೆರೆ ಎಲ್ಲಿದೆ ನೋಡಿಕೊಳ್ಳಿ

ಎನ್‌ಬಿಎ ಅಂಗಳದಲ್ಲಿ ತ್ರೀ-ಪಾಯಿಂಟ್ ಗೆರೆ ಎಲ್ಲ ಕಡೆ ಒಂದೇ ದೂರದಲ್ಲಿಲ್ಲ. ಇದು ತುಂಬಾ ಜನಕ್ಕೆ ಗೊತ್ತಿರೋದಿಲ್ಲ. ಎದುರಿನ ಕಮಾನಿನಲ್ಲಿ ರಿಂಗ್‌ನಿಂದ 23 ಅಡಿ 9 ಅಂಗುಲ, ಅಂದರೆ 7.24 ಮೀಟರ್. ಎರಡು ಪಕ್ಕದ ಮೂಲೆಗಳಲ್ಲಿ ಬರೀ 22 ಅಡಿ, ಅಂದರೆ 6.71 ಮೀಟರ್. ಅಂಗಳದ ಅಗಲವೇ 50 ಅಡಿ. ಕಮಾನನ್ನು ಅದೇ ದೂರದಲ್ಲಿ ಮೂಲೆಯ ತನಕ ಎಳೆದರೆ ಗೆರೆಯ ಹಿಂದೆ ಕಾಲಿಡೋಕೂ ಜಾಗ ಉಳಿಯೋದಿಲ್ಲ, ಅದಕ್ಕೇ ಅಲ್ಲಿ ನೇರ ಮಾಡಿದ್ದಾರೆ. ಹಾಗೆ ಮಾಡಿದ ಮೇಲೂ ಉಳಿಯುವುದು 3 ಅಡಿ. ದೊಡ್ಡ ಪಾದದ ಆಟಗಾರ ಸ್ವಲ್ಪ ಹಿಂದೆ ಸರಿದರೆ ಹೊರಗೆ.

ಗೆರೆ ತುಳಿದರೆ ಮೂರಲ್ಲ, ಎರಡೇ. ಕಷ್ಟ ಮಾತ್ರ ಅಷ್ಟೇ, ಸಿಗೋದು ಒಂದು ಪಾಯಿಂಟ್ ಕಡಿಮೆ. 2021ರಲ್ಲಿ ಬ್ರೂಕ್ಲಿನ್ ನೆಟ್ಸ್–ಮಿಲ್ವಾಕಿ ಬಕ್ಸ್ ಪ್ಲೇಆಫ್ (ನಾಕೌಟ್ ಹಂತ) ಸರಣಿಯ ಏಳನೇ, ಅಂದರೆ ನಿರ್ಣಾಯಕ ಪಂದ್ಯ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಕೊನೇ ಕ್ಷಣದಲ್ಲಿ ನೆಟ್ಸ್ ಆಟಗಾರ ಕೆವಿನ್ ಡುರಾಂಟ್ ತಿರುಗಿ ಎಸೆದ ಶಾಟ್ ಬಿತ್ತು, ಆದರೆ ಕಾಲಿನ ತುದಿ ಗೆರೆ ಮೇಲಿತ್ತು. ಮೂರಾಗಿದ್ದರೆ ನೆಟ್ಸ್ ಮುಂದೆ ಹೋಗುತ್ತಿತ್ತು. ಎರಡಾದ್ದರಿಂದ 109-109 ಸಮ ಆಯಿತು, ಓವರ್‌ಟೈಮಿನಲ್ಲಿ ಬಕ್ಸ್ 115-111ರಿಂದ ಗೆದ್ದಿತು, ಆ ವರ್ಷದ ಚಾಂಪಿಯನ್ನೂ ಆಯಿತು.

2. ಪರ್ಸೆಂಟೇಜನ್ನು ಪಾಯಿಂಟಿಗೆ ತಿರುಗಿಸಿ

ಮೊದಲನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಎಷ್ಟು ಬೀಳುತ್ತೆ ಅನ್ನೋದನ್ನು ಬಿಡಿ, ಒಂದು ಎಸೆತಕ್ಕೆ ಸರಾಸರಿ ಎಷ್ಟು ಪಾಯಿಂಟ್ ಬರುತ್ತೆ ಅಂತ ಕೇಳಿ. ನೂರು ತ್ರೀ ಎಸೆದು 36 ಬಿದ್ದರೆ 108 ಪಾಯಿಂಟ್. ಒಂದು ಎಸೆತಕ್ಕೆ 1.08. ಗೆರೆಯ ಒಳಗಿಂದ, ಅಂದರೆ ರಿಂಗ್‌ಗೂ ಗೆರೆಗೂ ನಡುವಿನ ಜಾಗದಿಂದ (ಇದಕ್ಕೆ ಮಿಡ್-ರೇಂಜ್ ಅಂತಾರೆ) ನೂರು ಎಸೆದು 42 ಬಿದ್ದರೆ 84 ಪಾಯಿಂಟ್, ಒಂದಕ್ಕೆ 0.84. ಆರು ಶಾಟ್ ಜಾಸ್ತಿ ಬಿತ್ತು, ಆದರೂ 24 ಪಾಯಿಂಟ್ ಕಡಿಮೆ. 36 ಪರ್ಸೆಂಟ್ ತ್ರೀಗೆ ಸಮ ಆಗಬೇಕಾದರೆ ಎರಡರ ಶಾಟನ್ನು ನೂರಕ್ಕೆ 54 ಹಾಕಬೇಕು. ಮಿಡ್-ರೇಂಜಿನಿಂದ ಅಷ್ಟು ಹಾಕುವವರು ಲೀಗಿನಲ್ಲಿ ಬೆರಳೆಣಿಕೆಯಷ್ಟೂ ಸಿಗೋದಿಲ್ಲ.

ರಿಂಗ್ ಹತ್ತಿರ ಹೋಗಿ ಹಾಕುವ ಲೇಅಪ್, ಡಂಕ್ ಬೇರೆ ಮಾತು. ನೂರಕ್ಕೆ 65 ಬಿದ್ದರೂ ಒಂದಕ್ಕೆ 1.30. ಎಲ್ಲಕ್ಕಿಂತ ಲಾಭ ಫ್ರೀ ಥ್ರೋ: 78 ಪರ್ಸೆಂಟ್ ಹಾಕುವವನಿಗೆ ಎರಡು ಎಸೆತ ಸಿಕ್ಕರೆ 1.56. ಹಾಗಾಗಿ ತಂಡಗಳ ಆಸೆ ಸರಳವಾಗಿದೆ. ಒಂದೋ ರಿಂಗ್ ತನಕ ನುಗ್ಗು, ಇಲ್ಲಾ ಫೌಲ್ ತಗೋ, ಇಲ್ಲಾ ಗೆರೆಯ ಹೊರಗಿಂದ ಎಸಿ. ಗೆರೆ ಬಂದಿದ್ದು 1979-80ರಲ್ಲಿ. ಆಗ ಒಂದು ತಂಡ ಮ್ಯಾಚಿಗೆ ಸರಾಸರಿ ಮೂರು ತ್ರೀ ಕೂಡ ಎಸೆಯುತ್ತಿರಲಿಲ್ಲ, ಈಗ 37 ದಾಟಿದೆ. ಈ ಗುಣಾಕಾರ ಅರ್ಥ ಆಗೋಕೆ ಲೀಗಿಗೆ ಮೂವತ್ತು ವರ್ಷ ಹಿಡಿಯಿತು ಅನ್ನೋದೇ ನನಗೆ ಆಶ್ಚರ್ಯ.

ಎಚ್ಚರಿಕೆ: ಟಿವಿಯಲ್ಲಿ "ಈ ತಂಡ 100 ಪೊಸೆಷನ್ನಿಗೆ 114 ಪಾಯಿಂಟ್" ಅಂತ ತೋರಿಸುತ್ತಾರೆ. ಪೊಸೆಷನ್ ಅಂದರೆ ಬಾಲ್ ಕೈಗೆ ಸಿಕ್ಕಿ ಅದು ಎದುರಾಳಿಗೆ ಹೋಗುವ ತನಕದ ಒಂದು ಸರದಿ. ಅದರಲ್ಲಿ ಫ್ರೀ ಥ್ರೋ ಇರುತ್ತೆ, ತಪ್ಪಿದ ಬಾಲನ್ನು ಮತ್ತೆ ಹಿಡಿದು ಎಸೆದಿದ್ದೂ ಇರುತ್ತೆ. ಅದನ್ನು ಒಂದು ಶಾಟಿನ 1.08 ಜೊತೆ ಇಟ್ಟು "ಅಯ್ಯೋ, ತ್ರೀ ನಷ್ಟ" ಅನ್ನಬೇಡಿ. ಎರಡೂ ಬೇರೆ ಬೇರೆ ಅಳತೆ.

3. ಎಫೆಕ್ಟಿವ್ ಪರ್ಸೆಂಟೇಜ್ ತೆಗೆಯಿರಿ

ಬಾಕ್ಸ್ ಸ್ಕೋರಿನ ಮಾಮೂಲಿ ಪರ್ಸೆಂಟೇಜ್ ಲೇಅಪ್ಪನ್ನೂ ತ್ರೀಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೆ. ಅದನ್ನು ಸರಿಪಡಿಸುವ ಲೆಕ್ಕ ಹೀಗಿದೆ: ಬಿದ್ದ ಎಲ್ಲ ಶಾಟ್‌ಗಳಿಗೆ, ಬಿದ್ದ ತ್ರೀಗಳ ಅರ್ಧ ಸೇರಿಸಿ. ಬಂದಿದ್ದನ್ನು ಒಟ್ಟು ಎಸೆತದಿಂದ ಭಾಗಿಸಿ. ಅರ್ಧ ಯಾಕೆ ಅಂದರೆ ಮೂರು ಪಾಯಿಂಟ್ ಅನ್ನೋದು ಎರಡರ ಒಂದೂವರೆ ಪಟ್ಟು, ಅಷ್ಟೇ.

ಗೋಲ್ಡನ್ ಸ್ಟೇಟ್ ವಾರಿಯರ್ಸ್ ಆಟಗಾರ ಸ್ಟೀಫನ್ ಕರಿಯ 2015-16ರ ಸೀಸನ್ ಹಿಡಿದು ಮಾಡೋಣ. 1598 ಎಸೆದು 805 ಹಾಕಿದರು. ಮಾಮೂಲಿ ಲೆಕ್ಕದಲ್ಲಿ 50.4. ಆ 805ರಲ್ಲಿ 402 ತ್ರೀಗಳು. ಅದರ ಅರ್ಧ 201. 805ಕ್ಕೆ 201 ಸೇರಿಸಿದರೆ 1006, ಅದನ್ನು 1598ರಿಂದ ಭಾಗಿಸಿದರೆ 63.0. ರಿಂಗ್ ಕೆಳಗೇ ನಿಂತು ಆಡುವ ಏಳಡಿ ದೈತ್ಯರಿಗೆ ಹೊಂದುವ ಅಂಕಿ ಇದು. ಆರಡಿ ಎರಡಂಗುಲದವರು ಅದನ್ನು ದೂರದಿಂದ ಎಸೆದು ತಂದರು.

4. ಫ್ರೀ ಥ್ರೋ ಮರೆಯಬೇಡಿ

ಫೌಲ್ ಆದ ಶಾಟ್ ಬೀಳದೇ ಹೋದರೆ ಅದು ಬಾಕ್ಸ್ ಸ್ಕೋರಿನಲ್ಲಿ ಎಸೆತ ಅಂತ ಲೆಕ್ಕಕ್ಕೇ ಬರೋದಿಲ್ಲ. ಆದರೆ ಅದರಿಂದ ಬಂದ ಫ್ರೀ ಥ್ರೋ ಪಾಯಿಂಟ್ ಬರುತ್ತೆ. ಇದನ್ನೂ ಸೇರಿಸಿ ನೋಡೋಕೆ 'ಟ್ರೂ ಶೂಟಿಂಗ್' ಅಂತ ಒಂದು ಲೆಕ್ಕ ಇದೆ. ಫ್ರೀ ಥ್ರೋ ಎಸೆತಗಳನ್ನು 0.44ರಿಂದ ಗುಣಿಸಿ, ಒಟ್ಟು ಶಾಟ್‌ಗಳಿಗೆ ಕೂಡಿಸಿ, ಅದನ್ನು ಎರಡು ಪಟ್ಟು ಮಾಡಿ. ಆಟಗಾರ ಗಳಿಸಿದ ಒಟ್ಟು ಪಾಯಿಂಟನ್ನು ಅದರಿಂದ ಭಾಗಿಸಿ.

"ಎರಡು ಫ್ರೀ ಥ್ರೋಗೆ ಒಂದು ಸರದಿ, ಹಾಗಾದ್ರೆ 0.5 ಇರಬೇಕಲ್ವಾ?" ಇದನ್ನೂ ಕೇಳುತ್ತಾರೆ. ಇರಬೇಕಿತ್ತು. ಆದರೆ ಶಾಟ್ ಬಿದ್ದು ಜೊತೆಗೆ ಒಂದು ಫ್ರೀ ಥ್ರೋ ಸಿಗುವುದಿದೆ, ಟೆಕ್ನಿಕಲ್ ಫೌಲಿನ ಒಂಟಿ ಎಸೆತ ಇದೆ, ತ್ರೀ ಎಸೆಯುವಾಗ ಫೌಲ್ ಆದರೆ ಮೂರು ಎಸೆತ ಇವೆ. ಇವನ್ನೆಲ್ಲ ಸರಾಸರಿ ಮಾಡಿದಾಗ 0.44 ಹತ್ತಿರ ಬರುತ್ತೆ. ಕರಿಯ ಅದೇ ಸೀಸನ್: 2375 ಪಾಯಿಂಟ್, 1598 ಶಾಟ್, 400 ಫ್ರೀ ಥ್ರೋ. ಲೆಕ್ಕ ಹಾಕಿ ನೋಡಿ, 66.9 ಬರಬೇಕು. ಬರದಿದ್ದರೆ ಎರಡು ಪಟ್ಟು ಮಾಡೋದನ್ನು ಮರೆತಿದ್ದೀರಿ. ನಾನೂ ಮೊದಮೊದಲು ಮರೆಯುತ್ತಿದ್ದೆ.

5. ಎಷ್ಟು ಎಸೆದರು ಅನ್ನೋದನ್ನು ಪಕ್ಕದಲ್ಲೇ ಬರೆದಿಡಿ

ಎರಡನೇ ಪ್ರಶ್ನೆಗೆ ಉತ್ತರ ಇದು. ಎನ್‌ಬಿಎ ಇತಿಹಾಸದಲ್ಲಿ ವೃತ್ತಿಜೀವನದ ಅತಿ ಹೆಚ್ಚು ತ್ರೀ ಪರ್ಸೆಂಟೇಜ್ ಸ್ಟೀವ್ ಕೆರ್ ಹೆಸರಿನಲ್ಲಿದೆ: 45.4. ಕರಿ ಆ 2015-16ರಲ್ಲಿ ಹಾಕಿದ್ದೂ 45.4. ತಮಾಷೆ ಏನು ಅಂದರೆ ಆಗ ಕರಿಯ ಕೋಚ್ ಇದೇ ಕೆರ್. ಬರೀ ಪರ್ಸೆಂಟೇಜ್ ನೋಡಿದರೆ ಇಬ್ಬರೂ ಒಂದೇ. ಈಗ ಎಸೆತ ನೋಡಿ. ಕೆರ್ 15 ಸೀಸನ್ ಆಡಿ 1599 ತ್ರೀ ಎಸೆದು 726 ಹಾಕಿದರು. ಕರಿ ಒಂದೇ ಸೀಸನ್ನಿನಲ್ಲಿ 886 ಎಸೆದು 402 ಹಾಕಿದರು.

ಕೆರ್ ಎಸೆದಿದ್ದು ಹೆಚ್ಚಾಗಿ ಬೇರೆಯವರು ಖಾಲಿ ಮಾಡಿಕೊಟ್ಟ ಜಾಗದಿಂದ. ಕರಿ ಮೇಲೆ ಇಬ್ಬರು ಬಿದ್ದರೂ ಎಸೆಯಬೇಕು, ಡ್ರಿಬಲ್ ಮಾಡುತ್ತಾ (ಬಾಲನ್ನು ನೆಲಕ್ಕೆ ಬಡಿಯುತ್ತಾ) ತಾನೇ ಜಾಗ ಮಾಡಿಕೊಂಡು ಎಸೆಯಬೇಕು. ಎಸೆತ ಜಾಸ್ತಿ ಆದಷ್ಟೂ ಕಷ್ಟದ ಶಾಟ್‌ಗಳೂ ಜಾಸ್ತಿ ಸೇರಿಕೊಳ್ಳುತ್ತವೆ, ಪರ್ಸೆಂಟೇಜ್ ಇಳಿಯಬೇಕು. ಇಳಿಯಲಿಲ್ಲ ಅನ್ನೋದೇ ಸುದ್ದಿ. ಕ್ರಿಕೆಟ್ಟಿನಲ್ಲಿ ಹತ್ತನೇ ನಂಬರಿನವನು ನಾಟ್ ಔಟ್ ಉಳಿದು ಉಳಿದು ಸರಾಸರಿ 60 ಮಾಡಿಕೊಂಡರೆ ನಾವು ಅವನನ್ನು ಓಪನರ್ ಮಾಡ್ತೀವಾ? ಒಂದು ಸೀಸನ್ನಿನ ದಾಖಲೆ ಕೈಲ್ ಕೋರ್ವರ್ ಅವರದ್ದು, 2009-10ರಲ್ಲಿ 53.6. ಎಸೆದಿದ್ದು 110, ಹಾಕಿದ್ದು 59. ಕೋರ್ವರ್ ನಿಜಕ್ಕೂ ದೊಡ್ಡ ಶೂಟರ್, ಅದರಲ್ಲಿ ಎರಡು ಮಾತಿಲ್ಲ, ಆದರೆ ಅದನ್ನು ಹೇಳೋಕೆ ಈ 110 ಸಾಕ್ಷಿ ಸಾಲದು.

6. ಅದು ಎಂಥ ಶಾಟ್ ಅಂತ ಕೇಳಿ

ಇಲ್ಲಿಂದ ಮುಂದೆ ಬಾಕ್ಸ್ ಸ್ಕೋರ್ ಕೈಕೊಡುತ್ತೆ, ರೀಪ್ಲೇ ಬೇಕು. ನನ್ನ ಪ್ರಕಾರ ಇಡೀ ಲೇಖನದಲ್ಲಿ ಮುಖ್ಯವಾದ ಹಂತ ಇದೇ.

ಮಾಡಬೇಕಾದ್ದು: ಆಟಗಾರನ ಕೈಯಿಂದ ಬಾಲ್ ಬಿಟ್ಟ ತಕ್ಷಣ ವಿಡಿಯೋ ನಿಲ್ಲಿಸಿ. ಬಾಲ್ ಇನ್ನೂ ಗಾಳಿಯಲ್ಲಿರಲಿ. ಆಗಲೇ ಶಾಟ್ ಒಳ್ಳೇದಾ ಕೆಟ್ಟದ್ದಾ ಅಂತ ಬರೆದುಕೊಳ್ಳಿ, ಆಮೇಲೆ ಬಿತ್ತಾ ಇಲ್ಲವಾ ನೋಡಿ. ಬಿದ್ದಿದ್ದು ನೋಡಿದ ಮೇಲೆ ಬರೆಯಲು ಕೂತರೆ ಬಿದ್ದದ್ದೆಲ್ಲ ಒಳ್ಳೇ ಶಾಟ್, ತಪ್ಪಿದ್ದೆಲ್ಲ ದುಡುಕು ಅಂತಲೇ ಕಾಣುತ್ತೆ. ಕಾಮೆಂಟರಿಯವರೂ ಅದನ್ನೇ ಮಾಡೋದು, ಅವರ ಮಾತು ಕಿವಿಗೆ ಬೀಳದ ಹಾಗೆ ಸೌಂಡ್ ಆಫ್ ಮಾಡಿಬಿಡಿ.

ನೋಡಬೇಕಾದ ವಿಷಯಗಳು ನಾಲ್ಕು.

ಡಿಫೆಂಡರ್ ಎಷ್ಟು ದೂರ ಇದ್ದ? ಎನ್‌ಬಿಎಯ ಅಧಿಕೃತ ಅಂಕಿಅಂಶ ತಾಣದಲ್ಲಿ ಇದನ್ನು ನಾಲ್ಕು ಭಾಗ ಮಾಡಿದ್ದಾರೆ: 2 ಅಡಿಯ ಒಳಗೆ, 2ರಿಂದ 4, 4ರಿಂದ 6, ಮತ್ತು 6 ಅಡಿ ಮೇಲೆ. ಕೊನೇದಕ್ಕೆ 'ವೈಡ್ ಓಪನ್' ಅಂತಾರೆ, ನಾವು ಪೂರ್ತಿ ಖಾಲಿ ಅನ್ನೋಣ. ಕಣ್ಣಳತೆಗೆ ಸುಲಭದ ದಾರಿ: ಡಿಫೆಂಡರ್ ಕೈ ಚಾಚಿದರೆ ಬಾಲಿಗೆ ತಾಕುತ್ತಾ? ತಾಕುವಂತಿದ್ದರೆ ಕಷ್ಟದ ಶಾಟ್.

ಬಾಲ್ ಹೇಗೆ ಕೈಗೆ ಬಂತು? ಪಾಸ್ ಹಿಡಿದು, ಡ್ರಿಬಲ್ ಮಾಡದೆ, ಎರಡು ಸೆಕೆಂಡಿನೊಳಗೆ ಎಸೆದರೆ 'ಕ್ಯಾಚ್ ಅಂಡ್ ಶೂಟ್'. ಡ್ರಿಬಲ್ ಮಾಡುತ್ತಾ ಬಂದು ತಟ್ಟನೆ ನಿಂತು ಎಸೆದರೆ 'ಪುಲ್-ಅಪ್'. ಮೊದಲನೇದರಲ್ಲಿ ಕಾಲು ನೆಲೆಯಾಗಿರುತ್ತೆ, ಕಣ್ಣು ಆಗಲೇ ರಿಂಗ್ ಮೇಲಿರುತ್ತೆ. ಎರಡನೇದು ಹೆಚ್ಚಿನವರಿಗೆ ಕಷ್ಟ. ಪಾಸ್ ಎದೆ ಮಟ್ಟಕ್ಕೆ ಬಂತಾ, ಮೊಣಕಾಲಿಗೆ ಬಂತಾ ಅದನ್ನೂ ನೋಡಿ. ಕೆಟ್ಟ ಪಾಸ್ ಕೊಟ್ಟವನ ತಪ್ಪು ಬಾಕ್ಸ್ ಸ್ಕೋರಿನಲ್ಲಿ ಶೂಟರ್ ತಲೆಗೆ ಬರುತ್ತೆ, ಪಾಪ.

ಎಲ್ಲಿಂದ ಎಸೆದ? ಮೂಲೆಯ ತ್ರೀ ಕಮಾನಿಗಿಂತ ಒಂದೂಮುಕ್ಕಾಲು ಅಡಿ ಹತ್ತಿರ. ಅಷ್ಟೇ ಅಲ್ಲ, ಮೂಲೆಯಲ್ಲಿ ನಿಂತವನು ಸಾಮಾನ್ಯವಾಗಿ ಯಾರೋ ಒಳಗೆ ನುಗ್ಗಿ ಡಿಫೆಂಡರ್‌ಗಳನ್ನು ಎಳೆದುಕೊಂಡ ಮೇಲೆ ಪಾಸ್ ಪಡೆಯುತ್ತಾನೆ, ಖಾಲಿ ಇರುತ್ತಾನೆ. ಹಾಗಾಗಿ ಮೂಲೆಯ ಪರ್ಸೆಂಟೇಜ್ ಜಾಸ್ತಿ ಇರೋದು ದೂರ ಕಡಿಮೆ ಅನ್ನೋದಕ್ಕೆ ಮಾತ್ರ ಅಲ್ಲ. ಮೂಲೆಯ ಅಪಾಯ ಆ 3 ಅಡಿ ಜಾಗ. 2013ರ ಫೈನಲ್ಸ್ ಆರನೇ ಪಂದ್ಯದಲ್ಲಿ ಮಯಾಮಿ ಹೀಟ್ ಮೂರು ಪಾಯಿಂಟ್ ಹಿಂದಿತ್ತು. ಹೀಟ್‌ನ ಕ್ರಿಸ್ ಬಾಷ್ ರೀಬೌಂಡ್ (ತಪ್ಪಿ ಪುಟಿದ ಬಾಲ್) ಹಿಡಿದರು, ಅವರದೇ ತಂಡದ ರೇ ಆಲನ್ ಹಿಂದೆ ನೋಡದೆಯೇ ಮೂಲೆಗೆ ಹೆಜ್ಜೆ ಹಾಕಿ ಎಸೆದರು, 5.2 ಸೆಕೆಂಡ್ ಉಳಿದಾಗ ಸ್ಕೋರ್ ಸಮ ಆಯಿತು. ಆ ರೀಪ್ಲೇಯಲ್ಲಿ ಬಾಲ್ ನೋಡಬೇಡಿ. ಆಲನ್ ಕಾಲು ನೋಡಿ.

ಗಡಿಯಾರದಲ್ಲಿ ಎಷ್ಟು ಉಳಿದಿತ್ತು? ಒಂದು ಸರದಿಗೆ 24 ಸೆಕೆಂಡ್. 20 ಉಳಿದಿರುವಾಗ ಮೈಮೇಲೆ ಡಿಫೆಂಡರ್ ಇಟ್ಟುಕೊಂಡು ಎಸೆದರೆ ಅದು ಕೆಟ್ಟ ಆಯ್ಕೆ. ಇನ್ನೂ ನಾಲ್ಕು ಪಾಸಿಗೆ ಸಮಯ ಇತ್ತು. ಅದೇ ಶಾಟ್ 2 ಸೆಕೆಂಡ್ ಉಳಿದಾಗ ಎಸೆದರೆ ತಪ್ಪಲ್ಲ, ಎಸೆಯದೇ ಇದ್ದರೆ ಬಾಲೇ ಹೋಗುತ್ತೆ. ತಂಡದ ಒಳ್ಳೇ ಆಟಗಾರನ ಕೈಗೇ ಇಂಥ ಸತ್ತ ಬಾಲ್‌ಗಳು ಬಂದು ಬೀಳುತ್ತವೆ, ಅವನ ಪರ್ಸೆಂಟೇಜ್ ಇಳಿಯುತ್ತೆ, ನಾವು ಸುಮ್ನೆ ಅವನನ್ನು ಬೈತೀವಿ.

7. ಒಂದು ಮ್ಯಾಚ್ ನೋಡಿ ತೀರ್ಪು ಕೊಡಬೇಡಿ

36 ಪರ್ಸೆಂಟ್ ಶೂಟರ್ ಒಬ್ಬ ಐದು ಎಸೆದು ಐದೂ ತಪ್ಪಿಸುವ ಸಾಧ್ಯತೆ ಎಷ್ಟು? 0.64ನ್ನು ಐದು ಸಲ ಗುಣಿಸಿ: 0.107. ಅಂದರೆ ಸುಮಾರು ಒಂಬತ್ತು ಮ್ಯಾಚಿಗೊಂದು ಸಲ ಹೀಗಾಗೋದು ಮಾಮೂಲಿ. "ಇವತ್ತು ಅವನಿಗೆ ಏನಾಗಿದೆ?" ಅಂದರೆ, ಏನೂ ಆಗಿಲ್ಲ.

ತಂಡಗಳಿಗೂ ಹೀಗೇ. 2025ರ ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ನಿಕ್ಸ್ ಎದುರು ಬಾಸ್ಟನ್ ಸೆಲ್ಟಿಕ್ಸ್ ಮೊದಲ ಪಂದ್ಯದಲ್ಲಿ 60 ತ್ರೀ ಎಸೆದು 15 ಹಾಕಿತು. 45 ತಪ್ಪಿದ್ದು ಪ್ಲೇಆಫ್ ದಾಖಲೆ. ಎರಡನೇ ಪಂದ್ಯದಲ್ಲಿ 40ಕ್ಕೆ 10. ಎರಡರಲ್ಲೂ 20 ಪಾಯಿಂಟ್ ಮುಂದಿದ್ದು ಸೋತರು. ತ್ರೀ ಹುಚ್ಚು ಬಿಡಿ ಅಂತ ಎಲ್ಲರೂ ಬುದ್ಧಿ ಹೇಳಿದ್ದೇ ಹೇಳಿದ್ದು. ಮೂರನೇ ಪಂದ್ಯದಲ್ಲಿ ಅದೇ ತಂಡ 40 ಎಸೆದು 20 ಹಾಕಿ ಗೆದ್ದಿತು. ಮೂರೂ ಸೇರಿಸಿ 140ಕ್ಕೆ 45, ಅಂದರೆ 32 ಪರ್ಸೆಂಟ್. ಸ್ವಲ್ಪ ಕಡಿಮೆಯೇ, ಆದರೆ ಪ್ರಳಯ ಅಲ್ಲ. ಕೊನೆಗೆ ಸರಣಿ ಗೆದ್ದಿದ್ದು ನಿಕ್ಸ್ ಅನ್ನೋದೂ ನಿಜ.

ಇದಕ್ಕೆ ಉಲ್ಟಾ ತಪ್ಪೂ ಇದೆ. ಎಲ್ಲವನ್ನೂ "ಅದೃಷ್ಟ ಕೆಟ್ಟಿತ್ತು" ಅಂತ ತಳ್ಳಿಹಾಕೋದು. 2018ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎದುರು ಏಳನೇ ಪಂದ್ಯದಲ್ಲಿ ಸಾಲಾಗಿ 27 ತ್ರೀ ತಪ್ಪಿಸಿತು. ಒಟ್ಟು 44ಕ್ಕೆ 7. ಒಂದೊಂದು ಎಸೆತವೂ ನಾಣ್ಯ ಚಿಮ್ಮಿದ ಹಾಗೆ ಬೇರೆ ಬೇರೆ ಅಂದುಕೊಂಡು 0.64ನ್ನು 27 ಸಲ ಗುಣಿಸಿದರೆ ಲಕ್ಷಕ್ಕೊಂದು ಸಲವೂ ಆಗದ ಸಂಗತಿ ಇದು. ಆದರೆ ಆಟಗಾರರ ಕಾಲು ನಾಣ್ಯ ಅಲ್ವಲ್ಲ. ರಾಕೆಟ್ಸ್‌ನ ಕ್ರಿಸ್ ಪಾಲ್ ತೊಡೆಯ ಸ್ನಾಯು ನೋವಿನಿಂದ ಹೊರಗಿದ್ದರು, ಬಾಲ್ ನಡೆಸುವ ಭಾರ ಜೇಮ್ಸ್ ಹಾರ್ಡನ್ ಮೇಲೆ ಬಿದ್ದಿತ್ತು. ಹಾಗಾಗಿ ಎಸೆತಗಳನ್ನು ಆರನೇ ಹಂತದ ಪ್ರಕಾರ ಒಂದೊಂದಾಗಿ ನೋಡದೆ ಅದೃಷ್ಟ ಅನ್ನಲೂ ಬೇಡಿ, ಹುಚ್ಚುತನ ಅನ್ನಲೂ ಬೇಡಿ.

8. ಬೇರೆ ಏನು ಮಾಡಬಹುದಿತ್ತು?

ಒಂದು ಶಾಟ್ ಕೆಟ್ಟದ್ದು ಅನ್ನುವ ಮೊದಲು ಆ ಕ್ಷಣದಲ್ಲಿ ಇನ್ನೊಂದು ದಾರಿ ಇತ್ತಾ ನೋಡಿ. ಎಡಗಡೆ ಯಾರಾದರೂ ಖಾಲಿ ನಿಂತಿದ್ದರಾ? ಒಳಗೆ ನುಗ್ಗಲು ಜಾಗ ಇತ್ತಾ? ಇಲ್ಲ ಅಂದರೆ 0.9 ಪಾಯಿಂಟಿನ ಶಾಟೂ ಒಳ್ಳೇದೇ, ಬಾಲ್ ಕಳೆದುಕೊಂಡರೆ ಸೊನ್ನೆ.

ಮಿಡ್-ರೇಂಜ್ ಸತ್ತುಹೋಗಿಲ್ಲ ಅಂತ ನಾನು ಹೇಳೋದು ಇದಕ್ಕೇ. ಪ್ಲೇಆಫ್‌ನಲ್ಲಿ ಡಿಫೆನ್ಸ್ ಬಿಗಿಯಾಗುತ್ತೆ. ರಿಂಗ್ ಹತ್ತಿರವೂ ಬಿಡೋದಿಲ್ಲ, ಗೆರೆಯ ಹೊರಗೂ ಬಿಡೋದಿಲ್ಲ, ನಡುವೆ ಮಾತ್ರ ಜಾಗ ಬಿಟ್ಟು "ಅಲ್ಲಿಂದ ಎಸಿ" ಅನ್ನುತ್ತೆ. ಆಗ ಡುರಾಂಟ್, ಶೇ ಗಿಲ್ಜಸ್-ಅಲೆಕ್ಸಾಂಡರ್ ಥರದವರು ಬೇಕು. ಎರಡನೇ ಹಂತದ ಗುಣಾಕಾರ ಎಲ್ಲರಿಗೂ ಸೇರಿದ ಸರಾಸರಿ, ಇವರಿಗೆ ಇವರದೇ ಅಂಕಿ ಹಾಕಿ ಲೆಕ್ಕ ಮಾಡಬೇಕು.

ಎಸೆಯದೇ ಇದ್ದರೂ ಬೆಲೆ ಇರುವ ಶೂಟರ್‌ಗಳಿದ್ದಾರೆ. ಕರಿ ಬಾಲ್ ಇಲ್ಲದೆ ಸುಮ್ನೆ ಓಡಿದರೂ ಇಬ್ಬರು ಹಿಂದೆ ಓಡುತ್ತಾರೆ, ರಿಂಗ್ ಕೆಳಗೆ ಜಾಗ ಖಾಲಿ ಆಗುತ್ತೆ, ಬೇರೆ ಯಾರೋ ಲೇಅಪ್ ಹಾಕುತ್ತಾರೆ. ಆ ಲೇಅಪ್ ಕರಿಯ ಲೆಕ್ಕಕ್ಕೆ ಎಲ್ಲೂ ಬರೋದಿಲ್ಲ.

9. ಹೋಲಿಸುವಾಗ ಎಡವುವ ಜಾಗಗಳು

1994-95ರಿಂದ 1996-97ರ ತನಕ ಮೂರು ಸೀಸನ್ ಎನ್‌ಬಿಎ ಗೆರೆಯನ್ನು ಎಲ್ಲ ಕಡೆ 22 ಅಡಿಗೆ ತಂದಿತ್ತು. ಆ ವರ್ಷಗಳ ಅಂಕಿ ಉಬ್ಬಿರುತ್ತೆ. ಕೆರ್ 52.4 ಹಾಕಿದ್ದು ಆ 1994-95ರಲ್ಲೇ.

ಒಲಿಂಪಿಕ್ಸ್ ಮತ್ತು ವಿಶ್ವಕಪ್‌ನಲ್ಲಿ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ಗೆರೆ 6.75 ಮೀಟರ್, ಮೂಲೆಯಲ್ಲಿ 6.60. ನಮ್ಮ ಕಡೆ ಟೂರ್ನಿಗಳೂ ಫಿಬಾ ನಿಯಮದಲ್ಲೇ ನಡೆಯೋದು. ಹಳೇ ಅಂಗಳದಲ್ಲಿ 2010ಕ್ಕೆ ಮುಂಚಿನ 6.25ರ ಗೆರೆ ಹಾಗೇ ಉಳಿದಿದ್ದರೂ ಉಳಿದಿರಬಹುದು, ಅಭ್ಯಾಸಕ್ಕೆ ಮುಂಚೆ ಟೇಪ್ ಹಿಡಿದು ನೋಡಿ. ಅಲ್ಲಿ ಹಾಕಿದ 40 ಪರ್ಸೆಂಟನ್ನು ಎನ್‌ಬಿಎ 40 ಪಕ್ಕದಲ್ಲಿ ಇಡಬೇಡಿ.

ಕ್ವಾರ್ಟರ್ ಮುಗಿಯುವಾಗ ಅರ್ಧ ಅಂಗಳದಾಚೆಯಿಂದ ಎಸೆಯುವ ಶಾಟ್ ಇದೆಯಲ್ಲ, ಅದು ತಪ್ಪಿದರೆ ಆಟಗಾರನ ಪರ್ಸೆಂಟೇಜ್ ಕೆಡುತ್ತಿತ್ತು. ಅದಕ್ಕೇ ಎಷ್ಟೋ ಜನ ಗಂಟೆ ಬಾರಿಸಿದ ಮೇಲೆ ಬೇಕಂತಲೇ ತಡವಾಗಿ ಎಸೆಯುತ್ತಿದ್ದರು. 2025-26ರಿಂದ ನಿಯಮ ಬದಲಾಗಿದೆ. ಮೊದಲ ಮೂರು ಕ್ವಾರ್ಟರ್‌ಗಳ ಕೊನೇ 3 ಸೆಕೆಂಡಿನಲ್ಲಿ, ತಮ್ಮ ಅರ್ಧ ಅಂಗಳದಿಂದ ಶುರುವಾದ ಆಟದಲ್ಲಿ, 36 ಅಡಿ ಅಥವಾ ಇನ್ನೂ ದೂರದಿಂದ ಎಸೆದು ತಪ್ಪಿದರೆ ಅದು ತಂಡದ ಲೆಕ್ಕಕ್ಕೆ ಹೋಗುತ್ತೆ, ಆಟಗಾರನ ಲೆಕ್ಕಕ್ಕಲ್ಲ. ಹಳೇ ಸೀಸನ್ ಜೊತೆ ಹೋಲಿಸುವಾಗ ಇದು ನೆನಪಿರಲಿ.

ಇನ್ನು ಶುರು ಮಾಡಿ. ಮೊದಲ ಸಲವೇ ಇಡೀ ಮ್ಯಾಚ್ ಹಿಡಿಯಬೇಡಿ, ಒಂದು ಕ್ವಾರ್ಟರ್, ಒಂದೇ ತಂಡ ಸಾಕು. ಆಟ 12 ನಿಮಿಷದ್ದೇ ಆದರೂ ನಿಲ್ಲಿಸಿ ನಿಲ್ಲಿಸಿ ಬರೆದುಕೊಂಡು ನೋಡೋಕೆ ಮುಕ್ಕಾಲು ಗಂಟೆ ಬೇಕು.